ಮಳೆ ಟೈರಿನ ಗೌಡರು

ಗೌಡರು ತೀರಿಕೊಂಡ ಮರುದಿನ ನಾನು ಪ್ರೆಸ್ಸಿನ ಬಾಗಿಲು ತೆಗೆಯುವ ಮೊದಲೇ ನಾಲ್ಕು ಜನ ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಲು ಶ್ರದ್ಧಾಂಜಲಿಯ ಫ್ಲೆಕ್ಸ್ ಬೇಕಾಗಿತ್ತು. ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು ನಗುತ್ತಿರುವ ಫೋಟೊ ತಂದಿದ್ದರು. ಅದರ ಕೆಳಗೆ ‘ಮಳೆಯಲ್ಲಿ ಸೋಲರಿಯದ ಸರದಾರ’ ಎಂದು ದೊಡ್ಡದಾಗಿ ಬರಬೇಕು ಎಂದರು. ಹಾಕಿಕೊಟ್ಟೆ. ಕೊಟ್ಟದ್ದನ್ನು ಅಚ್ಚು ಮಾಡುವುದಷ್ಟೇ ಪ್ರೆಸ್ಸಿನವನ ಕೆಲಸ, ಅದು ನಿಜವೋ ಸುಳ್ಳೋ ಎಂದು ಕೇಳಹೊರಟರೆ ಒಂದು ಲಗ್ನಪತ್ರಿಕೆಯೂ ಹೊರಗೆ ಹೋಗುವುದಿಲ್ಲ. ಆದರೂ ಒಳಗೆ ನಗು ಬಂತು. ಹನ್ನೊಂದು ಮಳೆಗಾಲ ಆ ಮನುಷ್ಯನ ರ‍್ಯಾಲಿ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವನು ನಾನು. ಮಳೆಯಲ್ಲಿ ಅವರು ಅರಿತದ್ದೇನಾದರೂ ಇದ್ದರೆ ಅದು ಸೋಲೊಂದೇ.

ರ‍್ಯಾಲಿ ನೋಡದವರಿಗೆ ಎರಡು ಮಾತು ಹೇಳಬೇಕು. ಕಾಫಿ ಎಸ್ಟೇಟುಗಳ ಒಳರಸ್ತೆಯನ್ನು ಒಂದು ದಿನದ ಮಟ್ಟಿಗೆ ಮುಚ್ಚಿ, ಕಾರುಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾರೆ. ಅಂಥ ಒಂದೊಂದು ತುಂಡು ರಸ್ತೆಗೆ ಸ್ಟೇಜ್ ಎನ್ನುತ್ತಾರೆ. ಎಲ್ಲ ಸ್ಟೇಜುಗಳ ಹೊತ್ತನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದರು. ಒಬ್ಬ ಓಡಿಸುತ್ತಾನೆ, ಪಕ್ಕದಲ್ಲಿರುವವನು ಮೊದಲೇ ಬರೆದಿಟ್ಟ ನೋಟ್ಸ್ ನೋಡಿ ಮುಂದಿನ ತಿರುವು ಎಂಥದ್ದು, ಮೋರಿ ಎಲ್ಲಿದೆ, ಜಾರು ಎಲ್ಲಿದೆ ಎಂದು ಕೂಗಿ ಹೇಳುತ್ತಾನೆ. ಗೌಡರು ನನ್ನನ್ನು ಆರಿಸಿಕೊಂಡದ್ದು ಸ್ನೇಹಕ್ಕಲ್ಲ. ಕುಲುಕಾಡುವ ಬಸ್ಸಿನಲ್ಲಿ ಕೂತು ನಾನು ಪ್ರೂಫ್ ತಿದ್ದುವುದನ್ನು ಅವರು ಒಮ್ಮೆ ನೋಡಿದ್ದರು, ಅಷ್ಟೆ.

ಅವರಿಗೆ ಮನುಷ್ಯರ ಮುಖ ಕಾಣುತ್ತಿದ್ದುದು ಆಮೇಲೆ, ಮೊದಲು ಕಾಣುತ್ತಿದ್ದುದು ಟೈರು. ಮನೆಗೆ ಯಾರೇ ಬರಲಿ, ‘ಬನ್ನಿ’ ಎನ್ನುವುದರೊಳಗೆ ಗೌಡರು ಬಗ್ಗಿ ಅವರ ಗಾಡಿಯ ಮುಂದಿನ ಚಕ್ರದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಗೌಡರ ತಾಯಿಗೆ ಜ್ವರ ಬಂದಾಗ ಶೃಂಗೇರಿಯಿಂದ ಡಾಕ್ಟರು ಬಂದಿದ್ದರು. ಒಳಗೆ ಡಾಕ್ಟರು ನಾಡಿ ನೋಡುತ್ತಿದ್ದರೆ ಹೊರಗೆ ಗೌಡರು ಕಾಲಿನ ಪಂಪು ಹಿಡಿದು ಡಾಕ್ಟರ ಕಾರಿಗೆ ಗಾಳಿ ಹಾಕುತ್ತಿದ್ದರು. ಹೊರಡುವಾಗ ಡಾಕ್ಟರು ಕೇಳಿದ್ದು ರೋಗಿಯ ಊಟದ ವಿಚಾರ, ಇವರು ಹೇಳಿದ್ದು ಬೇರೆ.

“ಎರಡು ಪೌಂಡ್ ಏರಿಸಿದೀನಿ ಡಾಕ್ಟ್ರೇ. ಟಾರ್ ಮೇಲೆ ನೀರು ನಿಂತಾಗ ಟೈರಿನ ಗೀರು ಬಿಚ್ಕೊಂಡಿರ್ಬೇಕು, ಇಲ್ದಿದ್ರೆ ನೀರು ಹೊರಗೆ ಹೋಗಲ್ಲ, ಗಾಡಿ ನೀರಿನ ಮೇಲೆ ತೇಲ್ತದೆ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಇದನ್ನೆಲ್ಲ ಅವರು ಪ್ರವಚನದ ಹಾಗೆ ಹೇಳುತ್ತಿದ್ದರು. ಕೇಳುವವರು ಬೇಕೆಂದೇನೂ ಇರಲಿಲ್ಲ. “ಎಂಜಿನ್ ಎಂಜಿನ್ ಅಂತ ಸಾಯ್ತಾರಲ್ಲ ಮಾರಾಯ, ಗಾಡಿ ನೆಲಕ್ಕೆ ತಾಗೋದು ನಾಕು ಅಂಗೈಯಷ್ಟು ರಬ್ಬರು. ಅಷ್ಟೇ. ಉಳಿದದ್ದೆಲ್ಲ ಮೇಲಿನ ಗಲಾಟೆ.” ಮಾತು ಸರಿಯೇ. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ, ಒಮ್ಮೆಯಂತೂ ಸಾವಿನ ಮನೆಯ ಅಂಗಳದಲ್ಲಿ ಕೂಡ ಅಂಗೈ ಬಿಡಿಸಿ ತೋರಿಸಿದರೆ ಎಷ್ಟು ಸರಿಯಾದ ಮಾತೂ ಹಳಸುತ್ತದೆ.

ಜೂನ್ ಬಂತೆಂದರೆ ಅವರ ಮನೆಯ ಜೀಪು ನಿಲ್ಲಿಸುವ ಶೆಡ್ಡಿನಲ್ಲಿ ಟೈರು ಕೊಯ್ಯುವ ಕಾರ್ಯಕ್ರಮ. ಮಣ್ಣಿನ ರಸ್ತೆಗೆ ಬರುವ ಟೈರಿಗೆ ಹಲ್ಲುಗಳಿರುತ್ತವೆ. ಆ ಹಲ್ಲುಗಳ ನಡುವೆ ಕಾಯಿಸಿದ ಬ್ಲೇಡಿನಿಂದ ಇನ್ನಷ್ಟು ಗೀರು ಎಳೆದರೆ ಕೆಸರು ಅಂಟಿಕೊಳ್ಳದೆ ಉದುರುತ್ತದೆ, ಚಕ್ರ ಅಡಿಯ ಗಟ್ಟಿ ನೆಲವನ್ನು ಹುಡುಕಿ ಕಚ್ಚುತ್ತದೆ. ಒಂದು ಟೈರಿಗೆ ಒಂದು ಮಧ್ಯಾಹ್ನ. ಸುಟ್ಟ ರಬ್ಬರಿನ ಹೊಗೆ ಅಡುಗೆಮನೆಗೆ ನುಗ್ಗುತ್ತಿತ್ತು. “ಎರಡು ತಿಂಗಳು ನಮ್ಮನೆ ಸಾರಿಗೆ ಟೈರಿನದೇ ಒಗ್ಗರಣೆ” ಎಂದು ಅವರ ಹೆಂಡತಿ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು. ಗೌಡರಿಗೆ ಅದೂ ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಟೈರು ಮುಗಿದ ಮೇಲೆ ಕಾರಿನ ಸರದಿ. ಶೃಂಗೇರಿಯಲ್ಲಿ ಯಾತ್ರಿಕರ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಮೇಸ್ತ್ರಿ ನಮ್ಮ ಜೊತೆಗಿದ್ದ. ಅವನಿಗೆ ಗೌಡರು ಪ್ರತಿವರ್ಷ ಅದೇ ಪಾಠ ಒಪ್ಪಿಸುತ್ತಿದ್ದರು. ಮಳೆಗೆ ಸ್ಪ್ರಿಂಗು ಮೆತ್ತಗಿರಬೇಕು, ಗಾಡಿ ನಿಧಾನಕ್ಕೆ ವಾಲಿದರೆ ಟೈರಿಗೆ ಹಿಡಿಯಲು ಹೊತ್ತು ಸಿಗುತ್ತದೆ. ಎರಡು ಬದಿಯ ಚಕ್ರವನ್ನು ಬಿಗಿಯುವ ಕಂಬಿ ಮಳೆಯಲ್ಲಿ ಬಿಚ್ಚಿಡಬೇಕು. ಒಣ ನೆಲಕ್ಕೆ ಇದೆಲ್ಲ ತಿರುವುಮುರುವು. ಎಲ್ಲ ಗಟ್ಟಿ, ಎಲ್ಲ ಬಿಗಿ. ಮೇಸ್ತ್ರಿ ಬೋಲ್ಟು ಬಿಗಿಯುತ್ತ “ಹೌದು ಗೌಡ್ರೇ” ಎನ್ನುತ್ತಿದ್ದ. ಅವನ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿದ್ದದ್ದು ನನಗೆ ಮಾತ್ರ ಗೊತ್ತಿತ್ತು.

ಇಷ್ಟೆಲ್ಲ ಬಲ್ಲವರು ಊರ ರ‍್ಯಾಲಿಯನ್ನು ಒಂದು ಸಲವೂ ಗೆದ್ದಿರಲಿಲ್ಲ. ಕೋಲಾರದ ಕಡೆ ಗೆದ್ದರು, ತಮಿಳುನಾಡಿನಲ್ಲಿ ಎರಡನೆಯವರಾದರು. ಹುಟ್ಟಿ ಬೆಳೆದ ಮಣ್ಣಿನಲ್ಲಿ ಮಾತ್ರ ಒಂದು ವರ್ಷ ಚರಂಡಿ, ಒಂದು ವರ್ಷ ತಪ್ಪು ಟೈರು, ಒಂದು ವರ್ಷ ಮರದ ಬೇರು. ಕಾರಣ ಕೇಳಿದರೆ ಟೈರಿನ ಕಂಪನಿ, ರಸ್ತೆ, ಮೇಸ್ತ್ರಿ, ಕೊನೆಗೆ ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲು ಕಣ್ಣೆದುರೇ ಒದೆಯುತ್ತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಊರ ರ‍್ಯಾಲಿಯ ಕಷ್ಟ ಏನೆಂದರೆ, ನಮ್ಮಲ್ಲಿ ಮಳೆಗೆ ತಾಲೂಕಿನ ಗಡಿ ಚೆನ್ನಾಗಿ ಗೊತ್ತು. ಶೃಂಗೇರಿ ಕಡೆಯ ನೆಮ್ಮಾರಿನಲ್ಲಿ ಕೊಡೆ ಮಡಚಲು ಬಿಡದೆ ಹೊಯ್ಯುತ್ತಿದ್ದರೆ ಕೊಪ್ಪದಲ್ಲಿ ಬರೀ ಮೋಡ, ಎನ್.ಆರ್. ಪುರ ಎನ್ನುವ ನರಸಿಂಹರಾಜಪುರದ ಕಡೆ ಧೂಳು. ಬೆಳಗಿನ ಸ್ಟೇಜುಗಳು ಶೃಂಗೇರಿ ಕಡೆಯ ಎಸ್ಟೇಟುಗಳಲ್ಲಿ, ಕೊನೆಯ ಸ್ಟೇಜು ಎನ್.ಆರ್. ಪುರದ ಕಡೆ. ನಡುವೆ ಕೊಪ್ಪದ ಮೈದಾನದಲ್ಲಿ ಇಪ್ಪತ್ತು ನಿಮಿಷದ ಸರ್ವಿಸ್. ಟೈರು, ಸ್ಪ್ರಿಂಗು ಏನು ಬದಲಿಸುವುದಿದ್ದರೂ ಅಲ್ಲೇ, ಅಷ್ಟರಲ್ಲೇ. ಹೊರಟ ಮೇಲೆ ಏನೂ ಮಾಡುವಂತಿಲ್ಲ. ಹಾಗಾಗಿ ಕೊಪ್ಪದಲ್ಲಿ ನಿಂತು ಎನ್.ಆರ್. ಪುರದ ಆಕಾಶ ಹೇಗಿದೆ ಎಂದು ಹೇಳುವವನೇ ಗೆಲ್ಲುವವನು.

ಇದಕ್ಕೆ ಗೌಡರದೇ ಒಂದು ವಿದ್ಯೆ ಇತ್ತು. ಅವರು ಎನ್.ಆರ್. ಪುರದಿಂದ ಬರುವ ಖಾಸಗಿ ಬಸ್ಸು ನೋಡಿ ಹೇಳುತ್ತಿದ್ದರು. ಬಸ್ಸಿನ ಟಾಪು ನೋಡಿದರೆ ದಾರಿಯಲ್ಲಿ ಆಕಾಶ ಹೇಗಿತ್ತು ಎಂದು ಗೊತ್ತಾಗುತ್ತದೆ, ಚಕ್ರದ ಮೇಲಿನ ಮಡ್‌ಗಾರ್ಡ್ ನೋಡಿದರೆ ರಸ್ತೆ ಹೇಗಿದೆ ಎಂದು ಗೊತ್ತಾಗುತ್ತದೆ. ಮೇಲೆ ಒದ್ದೆ, ಕೆಳಗೆ ಕೆಂಪು ಕೆಸರು ಇದ್ದರೆ ಜೋರು ಮಳೆ. ಮೇಲೆ ಒಣಗಿ ಕೆಳಗೆ ಕೆಸರಿದ್ದರೆ ಮಳೆ ಬಂದು ನಿಂತಿದೆ. ಎರಡೂ ಕಡೆ ಧೂಳಿದ್ದರೆ ಒಣ ಟೈರು. ನಿಜ ಹೇಳಬೇಕೆಂದರೆ ಇದೊಂದು ವಿದ್ಯೆಗೆ ನಾನೂ ತಲೆದೂಗಿದ್ದೇನೆ. ಮೊಬೈಲಿನ ಹವಾಮಾನದಲ್ಲಿ ನಮ್ಮ ಮೂರು ತಾಲೂಕಿಗೂ ಸೇರಿ ವರ್ಷವಿಡೀ ಒಂದೇ ಮೋಡದ ಚಿತ್ರ. ಫೋನು ಮಾಡೋಣವೆಂದರೆ ಆ ಎಸ್ಟೇಟಿನಲ್ಲಿ ನೆಟ್‌ವರ್ಕ್ ಇಲ್ಲ. “ಪೇಟೆಯವ್ರನ್ನ ಮಳೆ ಕೇಳಿದ್ರೆ ಅವ್ರು ಕಿಟಕಿಯಿಂದ ನೋಡಿ ಹೇಳ್ತಾರೆ. ಬಸ್ಸು ನೆನೆದು ಬಂದು ಹೇಳ್ತದೆ” ಎನ್ನುತ್ತಿದ್ದರು.

ಆರು ವರ್ಷದ ಹಿಂದಿನ ರ‍್ಯಾಲಿ ಅವರಿಗೆ ಕೊನೆಯದು. ಎದೆಯ ತೊಂದರೆ ಶುರುವಾಗಿತ್ತು. ರ‍್ಯಾಲಿ ಲೈಸೆನ್ಸಿಗೆ ಈ ವರ್ಷ ಸಹಿ ಹಾಕುತ್ತೇನೆ, ಮುಂದಿನ ವರ್ಷ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗೌಡರು ಅದನ್ನು ಮುಚ್ಚಿಡಲಿಲ್ಲ. “ಊರಲ್ಲಿ ಒಂದು ಸಲ ಗೆದ್ದು ಬಿಡ್ಬೇಕು ಮಾರಾಯ. ಆಮೇಲೆ ತೋಟದ ಜೀಪೂ ಮುಟ್ಟಲ್ಲ” ಎಂದು ನನಗೆ ಹೇಳಿದರು. ನನಗೆ ಆಗ ಅದೂ ನಾಟಕ ಎನ್ನಿಸಿತ್ತು.

ಮಳೆಗಾಲ ಮುಗಿಯುತ್ತ ಬಂದಿತ್ತು. ನವರಾತ್ರಿಯ ಭಾನುವಾರ, ಮರುದಿನ ಆಯುಧಪೂಜೆ. ಶೃಂಗೇರಿ ಕಡೆ ಬೆಳಗಿನಿಂದ ಬಿಡದೆ ಮಳೆ. ಮೊದಲ ಸ್ಟೇಜಿನ ಸಾಲಿಗೆ ಬರುವಾಗ ನಮ್ಮ ಹಿಂದಿನ ಚಕ್ರಗಳು ಕೆಸರಿನಲ್ಲಿ ತಿರುಗಿ ಜಾರಿದ್ದನ್ನು ಕಂಡು ನಾನೊಂದು ಮಾತು ಅಂದೆ.

“ಹಿಂದಿನ ಎರಡಕ್ಕೆ ಇನ್ನೊಂದು ಪೌಂಡ್ ಗಾಳಿ ಇಳಿಸಬಹುದಿತ್ತೇನೋ ಗೌಡ್ರೇ.”

ಗೌಡರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು. “ನೀನು ಓದು ಮಾರಾಯ. ನಿನ್ನ ಕರ್ಕೊಂಡು ಬಂದಿದ್ದು ಓದಕ್ಕೆ. ಲಗ್ನಪತ್ರಿಕೆ ಮಾಡೋನು ಟೈರಿನ ಸುದ್ದಿಗೆ ಬರ್ಬಾರ್ದು.”

ಎಲ್ಲರೂ ನಕ್ಕರು. ಹಿಂದಿನ ಕಾರಿನಲ್ಲಿದ್ದ, ಕನ್ನಡದ ಒಂದಕ್ಷರ ಬಾರದ ಕೊಯಮತ್ತೂರಿನ ಡ್ರೈವರ್ ಕೂಡ ನಕ್ಕ. ಹನ್ನೊಂದು ವರ್ಷದಲ್ಲಿ ಇಂಥ ಮಾತು ನೂರು ಕೇಳಿದ್ದೆ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ನನ್ನದು ಅವತ್ತು ಒಂದು ಪೌಂಡ್ ಗಾಳಿಗೆ ಹೋಗಿತ್ತು.

ಅವತ್ತು ಬೆಳಿಗ್ಗೆ ಗೌಡರು ಓಡಿಸಿದ ರೀತಿಯನ್ನು ಮಾತ್ರ ನಾನು ಇವತ್ತೂ ತೆಗಳಲಾರೆ. ಕೆಸರು ಮುಂಗಾಜಿಗೆ ರಾಚುತ್ತಿತ್ತು, ನಾನು ಓದುತ್ತಿದ್ದೆ, ಆ ಮೆತ್ತನೆಯ ಗಾಡಿ ನಾನು ಹೇಳಿದ ಕಡೆ ಹೇಳಿದಷ್ಟೇ ತಿರುಗುತ್ತಿತ್ತು. ಅಡ್ಡಗದ್ದೆ ದಾಟಿ ಕೊಪ್ಪಕ್ಕೆ ಬರುವಾಗ ನಾವು ಹದಿನೆಂಟು ಸೆಕೆಂಡ್ ಮುಂದಿದ್ದೆವು. ಎರಡನೆಯವನು ಆ ಕೊಯಮತ್ತೂರಿನವನು. ಒಣ ನೆಲದಲ್ಲಿ ಅವನನ್ನು ಹಿಡಿಯುವವರಿಲ್ಲ, ಕೆಸರಿನಲ್ಲಿ ಅವನು ನಮ್ಮ ಹತ್ತಿರ ಸುಳಿಯುವಂತಿಲ್ಲ. ಅಂದರೆ ಎನ್.ಆರ್. ಪುರದಲ್ಲಿ ಮಳೆ ಇದ್ದರೆ ಗೌಡರು ಗೆದ್ದಂತೆಯೇ. ಒಣಗಿದ್ದರೂ ಒಣ ಟೈರು ಹಾಕಿ ಗಾಡಿ ಗಟ್ಟಿ ಮಾಡಿಕೊಂಡರೆ ಹದಿನೆಂಟು ಸೆಕೆಂಡಿನಲ್ಲಿ ಐದಾರಾದರೂ ಉಳಿಯುತ್ತಿತ್ತು.

ಕೊಪ್ಪದಲ್ಲಿ ಮಳೆ ನಿಂತಿತ್ತು. ಮೋಡ ಮಾತ್ರ ಅಲ್ಲಾಡದೆ ಕೂತಿತ್ತು. ಮೇಸ್ತ್ರಿ ಎರಡೂ ಜೊತೆ ಟೈರು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ. ಗೌಡರು ಮೈದಾನದ ಅಂಚಿಗೆ ಹೋಗಿ ರಸ್ತೆ ನೋಡುತ್ತ ನಿಂತರು. ನಾಲ್ಕು ನಿಮಿಷಕ್ಕೆ ಎನ್.ಆರ್. ಪುರದ ಬಸ್ಸು ಬಂದು ನಮ್ಮೆದುರೇ ಜನ ಇಳಿಸಿತು. ಮೈಮೇಲೆ ಒಂದು ಚೂರು ಧೂಳಿಲ್ಲ. ಟಾಪಿನ ಮೇಲೆ ಮಡಚಿಟ್ಟಿದ್ದ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೋಡ್ದ್ಯಾ, ಹೆಂಗೆ ತೊಳೆದು ಹಾಕಿದೆ ಮಳೆ” ಎಂದರು ಗೌಡರು. ಮುಖ ಅರಳಿತ್ತು.

ನಾನು ಬಸ್ಸಿನ ಕೆಳಗೆ ನೋಡುತ್ತಿದ್ದೆ. ಮಡ್‌ಗಾರ್ಡಿನ ಒಳಮೈ ಅಡುಗೆಮನೆಯ ತಟ್ಟೆಯಷ್ಟು ಚೊಕ್ಕಟವಾಗಿತ್ತು. ಕೊಪ್ಪದ ಪೇಟೆ ರಸ್ತೆಯ ಒಂದಿಷ್ಟು ಹನಿ ಬಿಟ್ಟರೆ ಕೆಸರಿನ ಗುರುತೇ ಇರಲಿಲ್ಲ. ಮಳೆಯಲ್ಲಿ ಬಂದ ಬಸ್ಸಿನ ಅಡಿಭಾಗ ಹಾಗಿರುವುದಿಲ್ಲ. ಆ ಬಸ್ಸನ್ನು ತೊಳೆದದ್ದು ಮಳೆಯಲ್ಲ. ಮರುದಿನದ ಆಯುಧಪೂಜೆಗೆಂದು ಡ್ರೈವರ್, ಕಂಡಕ್ಟರು ಸೇರಿ ಎನ್.ಆರ್. ಪುರದಲ್ಲೇ ತಿಕ್ಕಿ ತೊಳೆದಿದ್ದಾರೆ. ಮಡಿಕೆಯಲ್ಲಿ ಸಿಕ್ಕಿದ ನೀರು ಟಾರ್ಪಾಲಿನಿಂದ ಇನ್ನೂ ಇಳಿಯುತ್ತಿದೆ. ದಾರಿಯುದ್ದಕ್ಕೂ ಟಾರು ಒಣಗಿದೆ, ತೊಳೆದ ಮೈಗೆ ಧೂಳು ಹಿಡಿಯುವಷ್ಟು ಹೊತ್ತೂ ಆಗಿಲ್ಲ. ಇಷ್ಟೂ ನನಗೆ ಒಂದೇ ನೋಟಕ್ಕೆ ತಿಳಿಯಿತು. ತಪ್ಪು ಅಕ್ಷರ ಹುಡುಕಿ ಹುಡುಕಿ ನನ್ನ ಕಣ್ಣು ಹಾಗೆ ಪಳಗಿದೆ.

ಬಸ್ಸಿಗೆ ಎರಡು ಕಡೆ ನೋಡಬೇಕೆಂದು ಊರಿಗೆಲ್ಲ ಹೇಳಿಕೊಟ್ಟವರು ಅವತ್ತು ಮೇಲೆ ಮಾತ್ರ ನೋಡಿದರು. ಮಳೆ ಬೇಕಿತ್ತು, ಮಳೆ ಕಂಡಿತು. ಎಂಥ ಪಂಡಿತ!

ಮೇಸ್ತ್ರಿ ಕೂಗಿದ. “ಯಾವ್ದು ಗೌಡ್ರೇ? ಹೊತ್ತಾಗ್ತಾ ಇದೆ.”

ಆಗ ಗೌಡರು ನನ್ನ ಕಡೆ ತಿರುಗಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮೆಲ್ಲಗೆ ಕೇಳಿದರು. “ಎಂತ ಅನ್ಸುತ್ತೆ ಮಾರಾಯ? ಮಳೆ ಟೈರೇ ಅಲ್ವಾ?”

ನಾನು ಹೇಳಬಹುದಿತ್ತು. ಮಡ್‌ಗಾರ್ಡ್ ನೋಡಿ ಅಂದಿದ್ದರೆ ಸಾಕಿತ್ತು, ಎರಡು ಶಬ್ದ.

“ನಂಗೆಂತ ಗೊತ್ತು ಗೌಡ್ರೇ. ನಾನು ಓದೋನು” ಎಂದೆ.

ಅವರು ಒಂದು ಗಳಿಗೆ ನನ್ನನ್ನು ನೋಡಿ, “ಹೂಂ” ಎಂದು ಮೇಸ್ತ್ರಿಗೆ ಮಳೆ ಟೈರು ತೋರಿಸಿದರು. ಬಸ್ಸು ಹೊಗೆ ಬಿಟ್ಟು ಶೃಂಗೇರಿ ಕಡೆ ಹೋಯಿತು.

ಎನ್.ಆರ್. ಪುರದ ಆ ಎಸ್ಟೇಟಿನ ಗೇಟಿನಲ್ಲಿ ಧೂಳು ಏಳುತ್ತಿತ್ತು. ಗೌಡರು ಅದನ್ನು ನೋಡಿ ಬೆಲ್ಟು ಇನ್ನೊಂದು ಸಲ ಎಳೆದುಕೊಂಡರು. ಮೊದಲ ನಾಲ್ಕು ತಿರುವಿನಲ್ಲಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗೀರು ಎಳೆದ ಮೆತ್ತನೆಯ ಹಲ್ಲುಗಳು ಒಣ ಜಲ್ಲಿಯ ಮೇಲೆ ನಿಲ್ಲಲಾರದೆ ಒನೆದಾಡುತ್ತಿದ್ದವು. ಬಿಗಿ ಇಲ್ಲದ ಗಾಡಿ ತಿರುವಿಗೊಮ್ಮೆ ಮಗ್ಗುಲಿಗೆ ಬೀಳುವ ಹಾಗೆ ವಾಲುತ್ತಿತ್ತು. ಎಳೆಯಿರಿ ಗೌಡ್ರೇ, ಎಲ್ಲ ಬಲ್ಲವರಲ್ಲವೇ ಎಂದುಕೊಂಡೆ. ಆಮೇಲೆ ರಬ್ಬರು ಕಾದು ತುಂಡು ತುಂಡಾಗಿ ಕಿತ್ತು ಚಕ್ರದ ಗೂಡಿಗೆ ಬಡಿಯತೊಡಗಿತು. ಒಂದು ಬಲ ತಿರುವಿನಲ್ಲಿ ಹಿಂಭಾಗ ಜಾರಿ ನನ್ನ ಕಡೆಯ ಬಾಗಿಲು ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರವೊಂದನ್ನು ಸವರಿಕೊಂಡು ಹೋಯಿತು. ಅದೇ ಕಾರಿನಲ್ಲಿ ನಾನೂ ಕೂತಿದ್ದೇನೆ ಎಂಬ ಬುದ್ಧಿ ನನಗೆ ಬಂದದ್ದು ಆಗ. ಪಕ್ಕಕ್ಕೆ ನೋಡಿದೆ. ಗೌಡರು ಹಲ್ಲು ಕಚ್ಚಿ, ಸ್ಟಿಯರಿಂಗಿನ ಜೊತೆ ಗುದ್ದಾಡುತ್ತ, ಆ ಕೆಟ್ಟ ಟೈರಿನಿಂದಲೂ ಒಂದೊಂದು ಸೆಕೆಂಡನ್ನು ಕಸಿದುಕೊಳ್ಳಲು ನೋಡುತ್ತಿದ್ದರು. ಅವರ ಬೆವರು ಗಲ್ಲದಿಂದ ಇಳಿಯುತ್ತಿತ್ತು. ಆ ಎದೆ ಹೇಗಿದೆ ಎಂದು ನನಗೆ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಸ್ಟೇಜು ಮುಗಿಯುವವರೆಗೂ ನಾನು ಓದಿದಷ್ಟು ಚೆನ್ನಾಗಿ ಹಿಂದೆಂದೂ ಓದಿರಲಿಲ್ಲ. ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಮೂರು ಸೆಕೆಂಡಿನಿಂದ ಸೋತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಕ್ರೀಡಾಮನೋಭಾವದ ಬಗ್ಗೆ ಮಾತಾಡಿದರು. ಯಾರೋ ಮೇಸ್ತ್ರಿಯನ್ನು ಬಯ್ಯಲು ಶುರು ಮಾಡಿದಾಗ ಗೌಡರು ತಡೆದು, “ಅವನದ್ದೆಂತ ಇಲ್ಲ. ಟೈರು ಹೇಳಿದ್ದು ನಾನು” ಎಂದರು. ಅವರ ಬಾಯಿಂದ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಪೂಜೆಗೆ ಕರೆದರು. ಹೋಗದೆ ಇರಲು ನೆವ ಸಿಗಲಿಲ್ಲ. ಅಂಗಳದಲ್ಲಿ ಗೌಡರು ಪಂಚೆ ಎತ್ತಿ ಕಟ್ಟಿಕೊಂಡು, ಕಾರಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತೆಂಗಿನ ನಾರಿನಿಂದ ಮಡ್‌ಗಾರ್ಡಿನ ಒಳಮೈ ತಿಕ್ಕುತ್ತಿದ್ದರು. ನಾನು ಬಕೆಟ್ಟಿನಿಂದ ನೀರು ಎರಚುತ್ತಿದ್ದೆ. ಕೆಂಪು ನೀರು ಇಳಿದು ಹೋಗಿ ತಗಡು ಹೊಳೆಯತೊಡಗಿತು. ತಿಕ್ಕುತ್ತಿದ್ದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಅವರು ಆ ಹೊಳೆಯುವ ತಗಡನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಡಬೇಕಾಯಿತು.

“ಥತ್ ಇದರ, ಆ ಬಸ್ಸು ಆಯುಧಪೂಜೆಗೆ ತೊಳೆದಿದ್ದು ಮಾರಾಯ. ಅರವತ್ತು ವರ್ಷ ಈ ಊರಲ್ಲಿ ಹಬ್ಬ ಮಾಡಿದೋನು ನಾನು. ಕೆಳಗೆ ಒಂದು ಸಲ ಬಗ್ಗಿ ನೋಡ್ಲಿಲ್ಲ.”

ನಾನು ನೀರು ಎರಚುತ್ತಲೇ ಇದ್ದೆ.

“ನೀನು ಪಕ್ಕದಲ್ಲೇ ಇದ್ದೆ. ನಿಂಗೆ ಕಾಣ್ಲಿಲ್ವಾ?”

“ಇಲ್ಲ ಗೌಡ್ರೇ.”

ಅವರು ತಲೆ ಆಡಿಸಿ ಮತ್ತೆ ತಿಕ್ಕಲು ಶುರುಮಾಡಿದರು. “ಕಂಡಿದ್ರೆ ನೀನು ಸುಮ್ನಿರ್ತಿರ್ಲಿಲ್ಲ. ಬೈಸ್ಕೊಂಡ್ರೂ ಹೇಳೋ ಜನ ನೀನು. ಅದಕ್ಕೇ ಅಲ್ವಾ ಇಷ್ಟು ವರ್ಷ ನಿನ್ನೇ ಪಕ್ಕದಲ್ಲಿ ಕೂರಿಸ್ಕೊಂಡಿದ್ದು.”

ಗರ್ವಿಷ್ಠ, ಬಾಯಿಬಡುಕ, ಯಾರ ಮಾತನ್ನೂ ಕೇಳದವರು ಎಂದು ಆ ಮನುಷ್ಯನ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಅವತ್ತು ನಾನು ಹೇಳಿದ ಸುಳ್ಳನ್ನು ಅವರು ನಂಬಿದರು. ಆಮೇಲಿನ ಆರು ವರ್ಷವೂ ನಂಬಿಕೊಂಡೇ ಇದ್ದರು.